ಹಲಸಿನ ಮರಕ್ಕೆ ಜಾಮೀನು

"ಇನ್ನೂ ಜೋರಾಗಿ ಹೇಳು," ಎಂದಳು ಚಿಕ್ಕಮ್ಮ, ಸೌಟನ್ನು ಕೊಡಲಿಯ ಹಾಗೆ ಎತ್ತಿ ಹಿಡಿದು. "ಹಿಂಗೆ ಗೊಣಗಿದ್ರೆ ಮರಕ್ಕೂ ಕೇಳ್ಸಲ್ಲ, ನಿಮ್ಮಜ್ಜಿಗೂ ಕೇಳ್ಸಲ್ಲ."

ದ್ರಾಕ್ಷಾಯಣಿ ಗಂಟಲು ಸರಿಮಾಡಿಕೊಂಡಳು. ಹಿತ್ತಲಿನ ಹಲಸಿನ ಮರಕ್ಕೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತಳು.

"ಬೇಡಿ ಯಜಮಾನ್ರೇ, ಕಡೀಬೇಡಿ. ಬರೋ ವರ್ಷ ಮಡಿಲು ತುಂಬ ಕಾಯಿ ಕೊಡ್ತೈತೆ."

"ಅದಕ್ಕೆ ಜಾಮೀನು ಯಾರು?" ಚಿಕ್ಕಮ್ಮ ಗಂಡಸಿನ ದನಿ ಮಾಡಿದಳು.

"ನಾನೇ ಜಾಮೀನು," ಎನ್ನುವಷ್ಟರಲ್ಲಿ ದ್ರಾಕ್ಷಾಯಣಿಗೆ ನಗು ಒತ್ತರಿಸಿಕೊಂಡು ಬಂತು. ಸೌಟಿನ ತುದಿಯಲ್ಲಿ ಬೆಳಗಿನ ಸಾರಿನ ಬೇಳೆ ಇನ್ನೂ ಅಂಟಿಕೊಂಡಿತ್ತು. ಚಿಕ್ಕಮ್ಮನೂ ನಕ್ಕಳು. ಮತ್ತೆ ಮೊದಲಿನಿಂದ ಹೇಳಿಸಿದಳು.

ಅರಸೀಕೆರೆಯ ಆ ಮನೆಯಲ್ಲಿ ಇದೊಂದು ಶಾಸ್ತ್ರ. ಹಿತ್ತಲಿನ ಹಲಸು ಆಳೆತ್ತರ ಅಲ್ಲ, ಮನೆಯೆತ್ತರ ಬೆಳೆದಿತ್ತು. ಎಲೆ ಎಂದರೆ ಎಲೆ, ನೆರಳೆಂದರೆ ನೆರಳು. ಕಾಯಿ ಮಾತ್ರ ಒಂದೂ ಇಲ್ಲ. ಅದಕ್ಕೇ ಕಾರ್ತಿಕ ಮಾಸದ ಕಡೇ ಸೋಮವಾರ ಮನೆಯ ಗಂಡಸೊಬ್ಬರು ಕೊಡಲಿ ಹಿಡಿದು ಮರವನ್ನು ಹೆದರಿಸಬೇಕು. ಹೆದರಿಕೆ ನಿಜವೆನ್ನಿಸಲಿ ಎಂದು ಕಾಂಡಕ್ಕೆ ಒಂದೇ ಒಂದು ಏಟು ಹಾಕಬೇಕು. ಆಗ ಇನ್ನೊಬ್ಬರು ಅಡ್ಡ ಬಂದು ಬೇಡಿಕೊಂಡು, ಮರದ ಪರವಾಗಿ ಜಾಮೀನು ನಿಲ್ಲಬೇಕು. ಕೊಡಲಿ ಕೆಳಗಿಟ್ಟು, ಮರಕ್ಕೆ ವಿಭೂತಿ ಹಚ್ಚಿ, ತೆಂಗಿನಕಾಯಿ ಒಡೆದು ಎಲ್ಲರಿಗೂ ಬೆಲ್ಲ ಕೊಬ್ಬರಿ ಹಂಚುವುದು. ಹೆದರಿದ ಮರ ಮಾರನೇ ವರ್ಷ ಕಾಯಿ ಬಿಡುತ್ತದೆ ಎಂದು ಬಸಮ್ಮಜ್ಜಿಯ ನಂಬಿಕೆ. ಮರ ಇದುವರೆಗೆ ಹೆದರಿರಲಿಲ್ಲ, ಅಷ್ಟೇ.

ಜಾಮೀನು ನಿಲ್ಲುವ ಕೆಲಸ ಈ ವರ್ಷ ದ್ರಾಕ್ಷಾಯಣಿಯದು ಎಂದು ಅಜ್ಜಿ ಹೇಳಿದಾಗ ಹುಡುಗಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಚಿಕ್ಕಪ್ಪ ಗಂಗಾಧರಪ್ಪ ಕೊಡಲಿ ಹಿಡಿಯುತ್ತಾನೆ, ಅಕ್ಕಪಕ್ಕದ ಮನೆಯವರೆಲ್ಲ ನೋಡಲು ಬರುತ್ತಾರೆ. ನಾಟಕದ ಕಂಪನಿಯಲ್ಲಿ ಪಾರ್ಟು ಸಿಕ್ಕಿದ್ದರೂ ಅವಳಿಗೆ ಇಷ್ಟು ಖುಷಿಯಾಗುತ್ತಿರಲಿಲ್ಲ.

ಬೇಡುವಾಗ ಮರವನ್ನು ಮುಟ್ಟಿಕೊಂಡಿರಬೇಕು ಎಂದು ಚಿಕ್ಕಮ್ಮ ತೋರಿಸಿಕೊಟ್ಟಳು. ಕೈ ಹಿಂದಕ್ಕೆ ಚಾಚಿದಾಗ ದ್ರಾಕ್ಷಾಯಣಿಯ ಬೆರಳಿಗೆ ತೊಗಟೆಯ ಮೇಲೊಂದು ಗಡುಸಾದ ಗಂಟು ಸಿಕ್ಕಿತು. ತಿರುಗಿ ನೋಡಿದಳು. ಪಾಚಿಯ ಕೆಳಗೆ, ತುಟಿ ಕಚ್ಚಿ ಹಿಡಿದ ಬಾಯಿಯ ಹಾಗೆ, ಅಂಥವು ಮೇಲೆ ಕೆಳಗೆ ಇನ್ನೂ ಇದ್ದವು.

"ಇದೇನು ಚಿಕ್ಕಮ್ಮ?"

"ಹಳೇ ಏಟು. ಇದು ಹೋದ ವರ್ಷದ್ದು. ಅದು ಅದರ ಹಿಂದಿನ ವರ್ಷದ್ದು."

"ನೋಯಲ್ವಾ ಅದಕ್ಕೆ?"

ಚಿಕ್ಕಮ್ಮ ಗಂಟಿನ ಮೇಲೆ ಹೆಬ್ಬೆರಳು ಆಡಿಸಿದಳು. "ನೋಯದೆ ಇದ್ರೆ ಇಷ್ಟು ದಪ್ಪ ಯಾಕೆ ಕಟ್ಕೊಂತೈತೆ? ಒಳಗೆ ಏನೈತೋ ಅದಕ್ಕೇ ಗೊತ್ತು. ಎಲೆ ಮಾತ್ರ ಹಸುರಾಗೇ ಇಟ್ಕೊಂಡೈತೆ ನೋಡು."

ದ್ರಾಕ್ಷಾಯಣಿ ತಲೆಯೆತ್ತಿ ಎಲೆಗಳನ್ನು ನೋಡಿದಳು. ಅಷ್ಟರಲ್ಲಿ ಒಳಗಿನಿಂದ ಅಜ್ಜಿ ಕೂಗಿದಳು. ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಓಡಿದಳು.

ಮಾರನೇ ದಿನ ಸ್ಕೂಲಿನಲ್ಲಿ ಆಟದ ಬೆಲ್ಲು ಹೊಡೆದಾಗ ದ್ರಾಕ್ಷಾಯಣಿ ತನ್ನ ಪಾರ್ಟನ್ನು ಗೆಳತಿಯರ ಮುಂದೆ ಆಡಿ ತೋರಿಸಿದಳು. ಸ್ಲೇಟೇ ಕೊಡಲಿ, ಕಿಟಕಿಯ ಸರಳೇ ಮರ. ಹುಡುಗಿಯರು ಬಾಯಿ ಬಿಟ್ಟುಕೊಂಡು ನೋಡಿದರು. ವೆಂಕಟಲಕ್ಷ್ಮಿಗೆ ಮಾತ್ರ ಸಮಾಧಾನವಿಲ್ಲ. ಅವಳ ತಂದೆ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು. ದ್ರಾಕ್ಷಾಯಣಿಯ ಮನೆ ಹಿಂದಿನ ಬೀದಿಯಲ್ಲೇ ಅವಳ ಮನೆ, ಎಲ್ಲರ ಮನೆಯ ಸುದ್ದಿಯೂ ಅವಳಿಗೆ ಬೇಕು.

"ಹೋದ ವರ್ಷ ಯಾರು ಮಾಡಿದ್ರು ಈ ಪಾರ್ಟು?" ಎಂದು ಕೇಳಿದಳು.

"ನಮ್ಮ ಚಿಕ್ಕಮ್ಮ. ಮದುವೆಯಾಗಿ ಬಂದಾಗಿಂದ ಅವಳೇ ಮಾಡ್ತಿದ್ದಿದ್ದು."

"ಮತ್ತೆ ಈ ವರ್ಷ ಯಾಕೆ ಅವರ ಕೈಯಿಂದ ಕಿತ್ಕೊಂಡ್ರು?"

ದ್ರಾಕ್ಷಾಯಣಿ ಸ್ಲೇಟನ್ನು ಕೆಳಗಿಳಿಸಿದಳು. ಕಿತ್ತುಕೊಂಡರು ಎಂದು ಅವಳು ಅಂದುಕೊಂಡೇ ಇರಲಿಲ್ಲ. ತನಗೆ ಕೊಟ್ಟರು ಎಂದಷ್ಟೇ ಅಂದುಕೊಂಡಿದ್ದಳು.

ವೆಂಕಟಲಕ್ಷ್ಮಿ ದನಿ ತಗ್ಗಿಸಿದಳು. "ನಿಮ್ಮಜ್ಜಿ ಬಾವಿಕಟ್ಟೆ ಹತ್ರ ನಮ್ಮಮ್ಮಂಗೆ ಹೇಳ್ತಿದ್ರು ಕಣೇ. ಮಕ್ಕಳಿಲ್ದೋರು ಬೇಡಿಕೊಂಡ್ರೆ ಮರ ಹೆಂಗೆ ಕಾಯಿ ಬಿಡುತ್ತೆ ಅಂತ."

ಆಮೇಲೆ ಮೇಷ್ಟ್ರು ಕೊಟ್ಟ ಲೆಕ್ಕ ದ್ರಾಕ್ಷಾಯಣಿಗೆ ಒಂದೂ ತಲೆಗೆ ಹೋಗಲಿಲ್ಲ. ಚಿಕ್ಕಮ್ಮ ಸೌಟು ಎತ್ತಿ ನಗುತ್ತಿದ್ದುದೇ ಕಣ್ಣಿಗೆ ಕಟ್ಟುತ್ತಿತ್ತು. ತನ್ನ ಪಾರ್ಟು ಕಿತ್ತುಕೊಂಡವಳಿಗೇ ಕೂತು ಅದನ್ನು ಕಲಿಸುವುದೆಂದರೆ ಹೇಗಿರುತ್ತದೆ? ತನ್ನ ಕೈಯಿಂದ ಹಾಗೆ ಆಗುತ್ತಿರಲಿಲ್ಲ. ತಾನಾಗಿದ್ದರೆ ಬೇಕೆಂದೇ ತಪ್ಪು ತಪ್ಪಾಗಿ ಕಲಿಸುತ್ತಿದ್ದೆ ಎನ್ನಿಸಿತು.

ಸಂಜೆ ಮನೆಗೆ ಬಂದರೆ ಚಿಕ್ಕಮ್ಮ ಬಚ್ಚಲ ಕಲ್ಲಿನ ಮೇಲೆ ಹಿತ್ತಾಳೆ ಪಾತ್ರೆ ಉಜ್ಜುತ್ತಿದ್ದಳು. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಕೊಳಗ, ತಂಬಿಗೆ, ಎರಡು ಕೈಯ ದೊಡ್ಡ ಪರಾತ. ಅವೆಲ್ಲ ಅವಳ ತವರಿನ ಪಾತ್ರೆಗಳು. ಮದುವೆಯಲ್ಲಿ ಬಂದವು, 'ಕಮಲಾಕ್ಷಿ, ಬಾಣಾವರ' ಎಂದು ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸಿದವು. ಯಾವಾಗಲೂ ಅಟ್ಟದ ಮೇಲೆ ಕೊಬ್ಬರಿಯ ಪಕ್ಕ ಇರುತ್ತಿದ್ದವು. ಹಬ್ಬವೇನೂ ಇಲ್ಲದೆ ಅವನ್ನು ಯಾಕೆ ಇಳಿಸಿದ್ದಾರೆ?

ಕೇಳಿದ್ದಕ್ಕೆ ಚಿಕ್ಕಮ್ಮ ತಲೆಯೆತ್ತಲಿಲ್ಲ. ಸೋಮವಾರ ಬಾಣಾವರಕ್ಕೆ ಹೋಗುತ್ತೇನೆ, ನಾಲ್ಕು ದಿನ ಇದ್ದು ಬಾ ಅಂದಿದ್ದಾರೆ ಅಜ್ಜಿ, ಎಂದಳು.

ನಾಲ್ಕು ದಿನಕ್ಕೆ ಹೋಗುವವರು ಸೀರೆಯ ಗಂಟು ಒಯ್ಯುತ್ತಾರೆ. ಪಾತ್ರೆ ಒಯ್ಯುವುದಿಲ್ಲ. ಎದುರು ಮನೆಯ ಸೊಸೆ ಪಾತ್ರೆ ಸಮೇತ ಗಾಡಿ ಹತ್ತಿದ್ದನ್ನು ದ್ರಾಕ್ಷಾಯಣಿ ನೋಡಿದ್ದಳು. ಆ ಸೊಸೆಯ ಮುಖವನ್ನು ಆಮೇಲೆ ಆ ಬೀದಿಯಲ್ಲಿ ಯಾರೂ ನೋಡಲಿಲ್ಲ. ಹುಡುಗಿ ಅಡುಗೆಮನೆಯ ಕಡೆ ಓಡಿದಳು.

ಅಡುಗೆಮನೆಯಲ್ಲಿ ಅಜ್ಜಿ ಅಮ್ಮನಿಗೆ ಹೇಳುತ್ತಿದ್ದ ಮಾತು ಬಾಗಿಲ ಹಿಂದೆ ನಿಂತವಳಿಗೆ ಪೂರ್ತಿ ಕೇಳಿಸಿತು. ತಿಪಟೂರಿನ ಕಡೆ ಹೆಣ್ಣು ನೋಡಿಯಾಗಿದೆ. ಗಂಗಾಧರನಿಗೆ ಇನ್ನೊಂದು ಮದುವೆ ಮಾಡುವುದೇ ಸರಿ. ಮರದ ಶಾಸ್ತ್ರ ಮುಗಿದ ಮೇಲೆ ಕಮಲಾಕ್ಷಿ ಮಧ್ಯಾಹ್ನದ ರೈಲಿಗೆ ಹೊರಡಲಿ. ಅಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಲೇ ಇದ್ದಳು, ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅಮ್ಮನ ಮೇಲೆ ದ್ರಾಕ್ಷಾಯಣಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅಪ್ಪ ಸಿದ್ದಬಸಪ್ಪ ಕೊಬ್ಬರಿ ಮಂಡಿಯಿಂದ ಬಂದು ಕೈಕಾಲು ತೊಳೆಯುವಾಗ ಅವನ ಹಿಂದೆ ಹಿಂದೆಯೇ ಸುತ್ತಿ ವಿಷಯ ಎತ್ತಿದಳು. ಇದೆಲ್ಲ ದೊಡ್ಡವರ ಮಾತು, ನೀನು ಮಗ್ಗಿ ಬಾಯಿಪಾಠ ಮಾಡು ಎಂದು ಅಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡ. ಚಿಕ್ಕಪ್ಪನನ್ನು ಕೇಳೋಣವೆಂದರೆ ಅವನು ಜಗಲಿಯ ಮೇಲೆ ಕೂತು ಒಂದೇ ಹಗ್ಗವನ್ನು ಹೊಸೆಯುವುದು, ಬಿಚ್ಚುವುದು, ಮತ್ತೆ ಹೊಸೆಯುವುದು ಮಾಡುತ್ತಿದ್ದ. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಅಂದಿನಿಂದ ದ್ರಾಕ್ಷಾಯಣಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಸ್ಟೇಷನ್ನಿನಲ್ಲಿ ರೈಲು ಕೂಗಿದರೆ ಬೆಚ್ಚುವಳು. ಅರಸೀಕೆರೆಯಲ್ಲಿ ರೈಲುಗಳಿಗೇನು ಬರವೇ? ಊಟದ ಹೊತ್ತಿಗೊಂದು, ಆಟದ ಹೊತ್ತಿಗೊಂದು ಕೂಗುತ್ತಲೇ ಇರುತ್ತವೆ. ದಿನವೂ ಸಂಜೆ ಚಿಕ್ಕಮ್ಮ ಸೌಟು ಹಿಡಿದು ಕರೆದಾಗ ಹೋಗಿ ಮರದ ಕೆಳಗೆ ನಿಲ್ಲುವಳು. ಬಾಯಿ ತನ್ನಷ್ಟಕ್ಕೆ ಮಾತು ಹೇಳುತ್ತಿತ್ತು, ಕಣ್ಣು ಚಿಕ್ಕಮ್ಮನ ಮುಖವನ್ನು ಹುಡುಕುತ್ತಿತ್ತು. ಆ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಜಡೆ ನೀಟಾಗಿತ್ತು, ಹಣೆಯ ಮೇಲೆ ವಿಭೂತಿ ನೀಟಾಗಿತ್ತು.

ಒಂದು ಸಂಜೆ ತಡೆಯಲಾಗದೆ ಕೇಳಿಯೇಬಿಟ್ಟಳು. "ನೀನು ವಾಪಸ್ ಬರಲ್ಲ ಅಲ್ವಾ ಚಿಕ್ಕಮ್ಮ?"

ಸೌಟು ಒಂದು ಕ್ಷಣ ಗಾಳಿಯಲ್ಲೇ ನಿಂತಿತು. "ನೀನು ನಿನ್ನ ಪಾರ್ಟು ನೋಡ್ಕೊ," ಎಂದಳು ಚಿಕ್ಕಮ್ಮ. "'ಬರೋ ವರ್ಷ' ಅನ್ನೋವಾಗ ಎಡವುತ್ತಿದ್ದೀಯ. ಎಲ್ಲಿ, ಇನ್ನೊಂದ್ಸಲ."

ಭಾನುವಾರ ದ್ರಾಕ್ಷಾಯಣಿಗೆ ಒಂದು ಉಪಾಯ ಹೊಳೆಯಿತು. ಕೊಡಲಿ ಇಲ್ಲದಿದ್ದರೆ ಶಾಸ್ತ್ರವಿಲ್ಲ. ಶಾಸ್ತ್ರ ಮುಗಿಯದಿದ್ದರೆ ಚಿಕ್ಕಮ್ಮ ಹೊರಡುವ ಹಾಗಿಲ್ಲ. ದೊಡ್ಡವರಿಗೆ ಇದರಲ್ಲಿ ಹತ್ತು ತೂತು ಕಂಡಾವು, ಆದರೆ ಹತ್ತು ವರ್ಷದ ಹುಡುಗಿಗೆ ಕೋಟೆ ಕಟ್ಟಿದಷ್ಟು ಭದ್ರವಾಗಿ ಕಂಡಿತು. ಎಲ್ಲರೂ ಊಟ ಮಾಡಿ ಅಡ್ಡಾದ ಹೊತ್ತಿನಲ್ಲಿ ಕೊಟ್ಟಿಗೆಯಿಂದ ಕೊಡಲಿಯನ್ನು ಎಳೆದುಕೊಂಡು ಬಂದು, ಸುಲಿದ ತೆಂಗಿನ ಮಟ್ಟೆಯ ರಾಶಿಯೊಳಗೆ ಹೂತಿಟ್ಟಳು. ಕಾವು ಕಾಣದ ಹಾಗೆ ಮೇಲೆ ಇನ್ನಷ್ಟು ಮಟ್ಟೆ ಸುರಿದಳು. ಕೈಯೆಲ್ಲ ನಾರು ಚುಚ್ಚಿ ಕೆಂಪಾಯಿತು.

ಸೋಮವಾರ ಬೆಳಿಗ್ಗೆ ಶಾಸ್ತ್ರವೆಂದರೆ ಎಲ್ಲರಿಗೂ ಅಭ್ಯಂಜನ. ಅಭ್ಯಂಜನವೆಂದರೆ ನೀರೊಲೆಗೆ ಮಟ್ಟೆ. ಇದು ದ್ರಾಕ್ಷಾಯಣಿಗೆ ಹೊಳೆದಿರಲಿಲ್ಲ. ಚಿಕ್ಕಪ್ಪ ಮಂಕರಿ ಹಿಡಿದು ರಾಶಿಗೆ ಕೈ ಹಾಕಿದಾಗ ಅವಳು ಬಾಗಿಲಲ್ಲೇ ಹಲ್ಲುಜ್ಜುತ್ತ ನಿಂತಿದ್ದಳು. ಕೊಡಲಿ ಸಿಕ್ಕಿತು. ಚಿಕ್ಕಪ್ಪ ಅದನ್ನು ಎತ್ತಿ ನೋಡಿದ, ಆಮೇಲೆ ಅವಳ ಕೈ ಮೇಲಿನ ಗೀರುಗಳನ್ನು ನೋಡಿದ. ಬೈಯುತ್ತಾನೆಂದು ಅವಳು ಕಣ್ಣು ಮುಚ್ಚಿಕೊಂಡಳು. ಕಣ್ಣು ಬಿಟ್ಟಾಗ ಚಿಕ್ಕಪ್ಪ ಅಲ್ಲೇ ನಿಂತಿದ್ದ, ಅಲಗಿನ ಮೇಲಿನ ನಾರನ್ನು ಹೆಬ್ಬೆರಳಿನಿಂದ ನಿಧಾನವಾಗಿ ಒರೆಸುತ್ತ. ಕೊಡಲಿ ಹೆಗಲಿಗಿಟ್ಟು ಕೊಟ್ಟಿಗೆಗೆ ನಡೆದ.

ಹತ್ತು ಗಂಟೆಯ ಹೊತ್ತಿಗೆ ಹಿತ್ತಲು ತುಂಬಿತು. ಅಕ್ಕಪಕ್ಕದ ಹೆಂಗಸರು, ಅವರ ಸೊಂಟದ ಮೇಲಿನ ಮಕ್ಕಳು, ಬೆಲ್ಲ ಕೊಬ್ಬರಿಗೆ ಬಂದ ಪುಂಡು ಹುಡುಗರು. ವೆಂಕಟಲಕ್ಷ್ಮಿಯೂ ಬಂದು ಮುಂದೆಯೇ ನಿಂತಿದ್ದಳು. ಹಿತ್ತಲ ಬಾಗಿಲಾಚೆ ಗಾಡಿ ಹೂಡಿತ್ತು. ಗಾಡಿಯೊಳಗೆ ಬೆಳಗಿದ ಪರಾತ ಬಿಸಿಲಿಗೆ ಹೊಳೆಯುತ್ತಿತ್ತು. ಚಿಕ್ಕಮ್ಮ ಪ್ರಯಾಣದ ಸೀರೆ ಉಟ್ಟು, ಪೂಜೆಯ ತಟ್ಟೆ ಹಿಡಿದು, ಎಲ್ಲರಿಗಿಂತ ಹಿಂದೆ ಬಾವಿಕಟ್ಟೆಯ ಪಕ್ಕ ನಿಂತಿದ್ದಳು.

ಚಿಕ್ಕಪ್ಪ ಕೊಡಲಿ ಎತ್ತಿದ. "ಈ ಮರ ಗೊಡ್ಡು. ಇದನ್ನಿಟ್ಕೊಂಡು ಏನು ಮಾಡೋದು? ಕಡಿದಾಕ್ತೀನಿ," ಎಂದ. ಅದು ಪ್ರತಿ ವರ್ಷ ಹೇಳುವ ಮಾತೇ. ಆದರೆ ಈ ಸಲ ಗೊಡ್ಡು ಎನ್ನುವಾಗ ಅವನ ದನಿ ಒಡೆಯಿತು. ಹೆಂಗಸರೆಲ್ಲ ನೋಡದ ಹಾಗೆ ಬಾವಿಕಟ್ಟೆಯ ಕಡೆ ನೋಡಿದರು. ಏಟು ಬಿತ್ತು. ತೊಗಟೆ ಬಿರಿದು ಬಿಳಿಯ ಸೊನೆ ತೊಟ್ಟು ತೊಟ್ಟಾಗಿ ಇಳಿಯತೊಡಗಿತು.

ದ್ರಾಕ್ಷಾಯಣಿ ಓಡಿ ಬಂದು ಮರಕ್ಕೆ ಅಡ್ಡ ನಿಂತಳು. ಕೈ ಹಿಂದೆ ಚಾಚಿ ಕಾಂಡ ಹಿಡಿದಳು.

"ಬೇಡಿ ಯಜಮಾನ್ರೇ, ಕಡೀಬೇಡಿ. ಬರೋ ವರ್ಷ..."

ಅಲ್ಲಿಗೆ ನಿಂತಿತು. ಬರೋ ವರ್ಷ ಕಾಯಿ ಬಿಡುತ್ತದೆ ಎನ್ನಬೇಕು. ಬಿಡದಿದ್ದರೆ? ಹೋದ ವರ್ಷ ಚಿಕ್ಕಮ್ಮ ಇದೇ ಜಾಗದಲ್ಲಿ ನಿಂತು ಇದೇ ಮಾತು ಹೇಳಿದ್ದಳು. ಅದರ ಹಿಂದಿನ ವರ್ಷವೂ. ಪ್ರತಿ ಸಲ ಮಾತು ಕೊಟ್ಟು ಮರವನ್ನು ಬಿಡಿಸಿಕೊಂಡಳು, ಪ್ರತಿ ಸಲ ಕೊಡಲಿ ಮತ್ತೆ ಬಂತು. ದ್ರಾಕ್ಷಾಯಣಿಯ ಅಂಗೈ ಕೆಳಗೆ ಆ ಹಳೇ ಗಂಟುಗಳಿದ್ದವು.

"ಹೇಳೇ," ಎಂದು ಅಜ್ಜಿ ಗದರಿದಳು. ವೆಂಕಟಲಕ್ಷ್ಮಿ ಮುಂದಿನ ಮಾತನ್ನು ತುಟಿಯಲ್ಲೇ ಆಡಿ ತೋರಿಸಿದಳು. ಮರೆತಿದ್ದಾಳೆ ಎಂದು ಯಾರೋ ಹುಡುಗರು ಕಿಸಕ್ಕನೆ ನಕ್ಕರು.

"ಬರೋ ವರ್ಷ ಬಿಡ್ತೈತೆ ಅಂತ ನಾನು ಹೇಳಲ್ಲ," ಎಂದಳು ದ್ರಾಕ್ಷಾಯಣಿ. ಅವಳಿಗೇ ತನ್ನ ದನಿ ಬೇರೆ ಯಾರದೋ ಅನ್ನಿಸಿತು. "ಬಿಟ್ರೆ ಬಿಡಲಿ, ಬಿಡದಿದ್ರೆ ಬೇಡ. ಕಡೀಬೇಡಿ. ಇದು ನಮ್ಮನೇ ಮರ." ಆಮೇಲೆ ಅಳು ನುಗ್ಗಿ ಬಂದು ಮಾತು ತೊದಲಿತು. "ಚಿಕ್ಕಮ್ಮನ್ನೂ ಕಳಿಸಬೇಡಿ. ಅವಳೂ ನಮ್ಮನೇಯೋಳು."

ಅಜ್ಜಿಯ ಮುಖ ಕೆಂಪೇರಿತು. ಅವಳು ದ್ರಾಕ್ಷಾಯಣಿಯನ್ನು ನೋಡಲಿಲ್ಲ, ನೇರವಾಗಿ ಬಾವಿಕಟ್ಟೆಯ ಕಡೆ ತಿರುಗಿದಳು. "ಇದನ್ನ ಮಗೀಗೆ ಹೇಳಿಕೊಟ್ಟೋರು ಯಾರು?"

ಚಿಕ್ಕಮ್ಮ ತಟ್ಟೆ ಹಿಡಿದುಕೊಂಡೇ ಮುಂದೆ ಬಂದಳು. ತಲೆ ತಗ್ಗಿಸಲಿಲ್ಲ. "ನಾನು ಹೇಳಿಕೊಟ್ಟಿದ್ದು ಬೇರೆ ಅತ್ತೆ. ಅದು ನಿಮಗೂ ಗೊತ್ತು."

"ಹೌದವ್ವ," ಎಂದ ಚಿಕ್ಕಪ್ಪ. ಎಷ್ಟೋ ದಿನದ ಮೇಲೆ ಅವನು ತನ್ನದೇ ಮಾತಿಗೆ ಬಾಯಿ ಬಿಟ್ಟಿದ್ದ. "ದಿನಾ ಜಗಲಿ ಮೇಲೆ ಕೂತು ನಾನೂ ಕೇಳಿದ್ದೀನಿ. ಇದು ಮಗೀನದೇ ಮಾತು." ಅವನು ಬಗ್ಗಿ ಕೊಡಲಿಯನ್ನು ಮರದ ಬುಡದಲ್ಲಿಟ್ಟ.

"ಜಾಮೀನಿಲ್ದೆ ಕೊಡಲಿ ಇಡಬಾರದು ಕಣೋ."

"ಇಟ್ಟಾಯ್ತು ಅವ್ವ."

ಅವನು ಹಿತ್ತಲ ಬಾಗಿಲು ದಾಟಿ ಗಾಡಿಯ ಹತ್ತಿರ ಹೋದ. ಏನು ಮಾಡುತ್ತಾನೆಂದು ಎಲ್ಲರೂ ಕತ್ತು ಉದ್ದ ಮಾಡಿದರು. ಮೊದಲು ಪರಾತ ಬಂತು. ಆಮೇಲೆ ಕೊಳಗ, ತಂಬಿಗೆ. ಒಂದೊಂದಾಗಿ ತಂದು ಬಚ್ಚಲ ಕಲ್ಲಿನ ಮೇಲೆ ಇಟ್ಟ. ಕೊನೆಗೆ ಎತ್ತುಗಳ ಕೊರಳಿನ ಹಗ್ಗ ಬಿಚ್ಚಿದ. ದೂರದಲ್ಲಿ ಬಾಣಾವರದ ಕಡೆಯ ಯಾವುದೋ ರೈಲು ಕೂಗಿತು, ಅದು ಚಿಕ್ಕಮ್ಮ ಹತ್ತಬೇಕಿದ್ದ ರೈಲೋ ಅಲ್ಲವೋ ಎಂದು ಯಾರೂ ವಿಚಾರಿಸಲಿಲ್ಲ.

ಬೆಲ್ಲ ಕೊಬ್ಬರಿ ಹಂಚಿದ್ದು ಅಮ್ಮ. ಎಲ್ಲರ ಮುಂದೆ ಚಿಕ್ಕಮ್ಮನ ಕೈಯಿಂದ ತಟ್ಟೆ ತೆಗೆದುಕೊಂಡು, ಮೊದಲ ಪಾಲನ್ನು ಅವಳ ಅಂಗೈಗೇ ಹಾಕಿದಳು. ದ್ರಾಕ್ಷಾಯಣಿಗೆ ಅಮ್ಮನ ಮೇಲಿದ್ದ ಸಿಟ್ಟು ಅರ್ಧ ಅಲ್ಲೇ ಇಳಿಯಿತು. ಜನ ತಮ್ಮ ತಮ್ಮ ಪಾಲು ಸೆರಗಿಗೆ ಕಟ್ಟಿಕೊಂಡು, ದಾರಿಯುದ್ದಕ್ಕೂ ಆಡಿಕೊಳ್ಳಲು ಮಾತನ್ನೂ ಕಟ್ಟಿಕೊಂಡು ಹೊರಟರು.

ಅಜ್ಜಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೇ ಇದ್ದಳು. ಬೈಗುಳಕ್ಕೆ ಕಾದು ದ್ರಾಕ್ಷಾಯಣಿ ಮರದ ಹತ್ತಿರವೇ ನಿಂತಿದ್ದಳು. ಅಜ್ಜಿ ಬೈಯಲಿಲ್ಲ. ನೆಲ ನೋಡಿಕೊಂಡು, ಯಾರಿಗೆ ಹೇಳಿದಳೋ ಏನೋ, "ನಿಮ್ಮಪ್ಪ ಹುಟ್ಟೋಕೆ ಮುಂಚೆ ನನ್ನೂ ಹಿಂಗೇ ಗಾಡಿ ಹತ್ತಿಸಿದ್ರು. ಒಬ್ಬರೂ ಬೇಡ ಅನ್ಲಿಲ್ಲ," ಎಂದಳು. ಮೊಣಕಾಲಿಗೆ ಕೈಯೂರಿ ಎದ್ದು ಒಳಗೆ ಹೋದಳು. ಚಿಕ್ಕಮ್ಮ ಇರಲಿ ಎಂದೂ ಹೇಳಲಿಲ್ಲ, ಹೋಗಲಿ ಎಂದೂ ಹೇಳಲಿಲ್ಲ.

ದ್ರಾಕ್ಷಾಯಣಿ ಅಜ್ಜಿ ಹೋದ ಬಾಗಿಲನ್ನೇ ನೋಡುತ್ತ ನಿಂತಳು. ಅಜ್ಜಿಗೆ ಗಾಡಿ ಹತ್ತಿಸುವುದಷ್ಟೇ ಗೊತ್ತು ಎಂದು ಅವಳು ತಿಳಿದಿದ್ದಳು.

ಚಿಕ್ಕಮ್ಮ ಪ್ರಯಾಣದ ಸೀರೆಯಲ್ಲೇ ಬಂದಳು. ಬುಟ್ಟಿಯಲ್ಲಿ ಸಗಣಿ, ಕೆಮ್ಮಣ್ಣು ಕಲಸಿಕೊಂಡಿದ್ದಳು. ಮರದ ಹೊಸ ಗಾಯಕ್ಕೆ ಅದನ್ನು ಮೆತ್ತತೊಡಗಿದಳು. ಸೊನೆ ಮಣ್ಣನ್ನು ನೂಕಿಕೊಂಡು ಮತ್ತೆ ಮತ್ತೆ ಹೊರಗೆ ಬರುತ್ತಿತ್ತು.

"ನಾಳೆ ಏನಾಗ್ತೈತೆ ಚಿಕ್ಕಮ್ಮ?"

"ಗೊತ್ತಿಲ್ಲ ಕಣೇ. ಮಣ್ಣು ಕೊಡು."

ಮಣ್ಣು ಕೊಡುವಾಗ ದ್ರಾಕ್ಷಾಯಣಿ ನೋಡಿದಳು. ಚಿಕ್ಕಮ್ಮನ ಕೈ ನಡುಗುತ್ತಿತ್ತು. ಬೆರಳಷ್ಟೇ ಅಲ್ಲ, ಮೊಣಕೈವರೆಗೂ ನಡುಗುತ್ತಿತ್ತು, ಬಳೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಅತ್ತೆಯ ಮುಂದೆ ತಲೆ ತಗ್ಗಿಸದೆ ಮಾತಾಡಿದಾಗಲೂ ನಡುಗುತ್ತಿತ್ತೇ? ಅಷ್ಟು ದಿನ ಮರದ ಕೆಳಗೆ ನಿಂತು, ಜೋರಾಗಿ ಹೇಳು ಎಂದು ನಕ್ಕಾಗಲೂ? ಆಗೆಲ್ಲ ದ್ರಾಕ್ಷಾಯಣಿ ಅವಳ ಮುಖವನ್ನಷ್ಟೇ ನೋಡಿದ್ದಳು, ಕೈಯನ್ನು ನೋಡಿರಲಿಲ್ಲ.

ಅವಳು ಕೇಳಲಿಲ್ಲ. ಚಿಕ್ಕಮ್ಮನ ಕೈ ಮೇಲೆ ತನ್ನ ಕೈಯನ್ನೂ ಇಟ್ಟು ಮಣ್ಣನ್ನು ಒತ್ತಿದಳು. ನಡುಕ ನಿಲ್ಲಲಿಲ್ಲ. ಚಿಕ್ಕಮ್ಮ ಮೆತ್ತುವುದನ್ನೂ ನಿಲ್ಲಿಸಲಿಲ್ಲ. ದ್ರಾಕ್ಷಾಯಣಿ ಇನ್ನೊಂದು ಕೈಯಿಂದ ಬುಟ್ಟಿಯಿಂದ ಮತ್ತೊಂದು ಮುದ್ದೆ ಮಣ್ಣು ತೆಗೆದು, ಅವಳು ಕೇಳುವ ಮೊದಲೇ ಹಿಡಿದು ನಿಂತಳು.